ಅಪ್ಪ ತೂಗಿದ ಕಂಪ್ಯೂಟರು

ನನ್ನ ಇಬ್ಬರು ಭಾವಂದಿರ ನಡುವೆ ಜಗಳವಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು, ಒಂದು ದಿನ ಕೂತು ಬೈದಾಡಿ ಮುಗಿಸಿಕೊಳ್ಳುತ್ತಿದ್ದರು. ಅವರ ನಡುವೆ ಇರುವುದು ಹೊಟ್ಟೆಕಿಚ್ಚು. ಒಬ್ಬರು ಕೊಡೆ ಕೊಂಡರೆ ಇನ್ನೊಬ್ಬರ ಮನೆಗೆ ಮಾರನೆಯ ದಿನವೇ ಅದಕ್ಕಿಂತ ಅಗಲವಾದ ಕೊಡೆ ಬರುತ್ತದೆ. ಒಬ್ಬರಿಗೆ ನೆಗಡಿಯಾದರೆ ಇನ್ನೊಬ್ಬರಿಗೆ ಜ್ವರ ಬರಲೇಬೇಕು.

ದೊಡ್ಡ ಭಾವ ಎಂದರೆ ದೊಡ್ಡಕ್ಕನ ಗಂಡ, ಉಕ್ಕಿನ ಬೀರು ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್. ಚಿಕ್ಕ ಭಾವ ಚಿಕ್ಕಕ್ಕನ ಗಂಡ, ಸ್ವಂತದ್ದೊಂದು ಕನ್ನಡಕದ ಅಂಗಡಿ ಇಟ್ಟುಕೊಂಡವರು. ಇಬ್ಬರಿಗೂ ಬೇಕಾದದ್ದು ಒಂದೇ, ನಮ್ಮ ಅಪ್ಪನ ಬಾಯಿಂದ ಒಂದು 'ಶಹಬ್ಬಾಸ್'. ಚಿಕ್ಕ ಭಾವನಿಗೆ ಅದು ಆಗಾಗ ಸಿಕ್ಕಿದೆ. ದೊಡ್ಡ ಭಾವನಿಗೆ ತಾಳಿ ಕಟ್ಟಿದ ದಿನದಿಂದ ಒಮ್ಮೆಯೂ ಸಿಕ್ಕಿಲ್ಲ. ನನ್ನ ವಿಷಯ ಕೇಳಲೇಬೇಡಿ. ನಾನು ಸ್ವಂತ ಮಗ, ಹಿತ್ತಲ ಗಿಡ ಮದ್ದಲ್ಲ. ಅಳಿಯಂದಿರನ್ನು ಅಪ್ಪ 'ನೀವು' ಎನ್ನುತ್ತಾರೆ, ನನ್ನನ್ನು ಕರೆಯುವುದು 'ಲೋ' ಎಂದು. ಈ ಕಥೆ ಹೇಳುವವನ ಹೊಟ್ಟೆಯೂ ಅಷ್ಟೇನೂ ತಣ್ಣಗಿಲ್ಲ ಎಂಬುದು ಓದುಗರ ಗಮನದಲ್ಲಿರಲಿ.

ಅಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಪರೀಕ್ಷಿಸಿ ಮುದ್ರೆ ಹಾಕುವುದು ಅವರ ಕೆಲಸವಾಗಿತ್ತು. ಕೆಲಸ ಬಿಟ್ಟರೂ ಕೈ ಬಿಟ್ಟಿಲ್ಲ. ಕಂಡದ್ದನ್ನೆಲ್ಲ ಎತ್ತಿ ನೋಡುತ್ತಾರೆ. ಪುಸ್ತಕ ಕೊಟ್ಟರೆ ಓದುವ ಮೊದಲು ಎತ್ತಿ ನೋಡುತ್ತಾರೆ. ಚಿಕ್ಕಕ್ಕನಿಗೆ ಮಗುವಾದಾಗ ನರ್ಸು ಹೇಳುವ ಮೊದಲೇ ಮಗುವಿನ ತೂಕ ಹೇಳಿ, ತಾಳೆಯಾಗದಿದ್ದಕ್ಕೆ ಆಸ್ಪತ್ರೆಯ ತಕ್ಕಡಿಗೆ ಮುದ್ರೆ ಇದೆಯೇ ಎಂದು ಗಲಾಟೆ ಮಾಡಿದ್ದರು. "ತೂಕ ಇದ್ರೆ ಮಾಲು, ಇಲ್ದಿದ್ರೆ ಮೋಸ" ಎನ್ನುವುದು ಅವರ ಒಟ್ಟು ಜೀವನದರ್ಶನ.

ಇಂಥ ಮನೆಯಲ್ಲಿ ಚಿಕ್ಕ ಭಾವ ಒಂದು ಕಂಪ್ಯೂಟರ್ ಜೋಡಿಸಿದರು. ಕೊಂಡದ್ದಲ್ಲ, ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿದ್ದು. ಮುಂದುಗಡೆ ಜಾಲರಿ, ಪಕ್ಕದಲ್ಲಿ ಪೂರ್ತಿ ಗಾಜು. ಗಾಜಿನೊಳಗೆ ನೀಲಿ, ನೇರಳೆ, ಹಸಿರು ದೀಪಗಳು ಉಸಿರಾಡುತ್ತಿದ್ದವು. ನಾವೆಲ್ಲ ಸಾಲಾಗಿ ಕೂತು ನೋಡಿದೆವು. ಕನ್ನಡಕದಂಗಡಿಯವರು ಗಾಜನ್ನು ಹಳದಿ ಬಟ್ಟೆಯಿಂದ ಒರೆಸಿ ಒರೆಸಿ ತೋರಿಸಿದರು.

ಅಪ್ಪ ಎದ್ದು, ಪ್ಲಗ್ ಕೀಳಿಸಿ, ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿದರು.

"ಒಂಬತ್ತು ಕೆಜಿ. ಮಾಲಿದೆ. ಶಹಬ್ಬಾಸ್ ಅಳಿಯಂದ್ರೇ!"

ದೊಡ್ಡ ಭಾವನ ಕೈಯಲ್ಲಿದ್ದ ಟೀ ಆರಿ ಕೆನೆ ಕಟ್ಟಿತು. ಮನೆಗೆ ಹೋಗುವಾಗ ದಾರಿಯ ತಿರುವಿನಲ್ಲಿ ನಿಂತು ನನ್ನ ತೋಳು ಹಿಡಿದುಕೊಂಡರು.

"ಅಲ್ಲಯ್ಯಾ, ಮುಂದ್ಗಡೆ ಪೂರ್ತಿ ತೂತು. ಅದು ಕಂಪ್ಯೂಟರಾ, ಜರಡಿನಾ?"

"ಗಾಳಿ ಆಡೋಕೆ ಭಾವ."

"ಗಾಳಿ ಬೇಕಾದ್ರೆ ಪಾರ್ಕಿಗೆ ಹೋಗ್ಲಿ. ನಾನೂ ಒಂದು ಜೋಡಿಸ್ತೀನಿ. ಮಾವ ಎತ್ತಿದ್ರೆ ಸೊಂಟ ಹಿಡ್ಕೋಬೇಕು, ಅಂಥದ್ದು."

ಭಾನುವಾರ ನನ್ನನ್ನು ಎಳೆದುಕೊಂಡು ಕಂಪ್ಯೂಟರ್ ಬಿಡಿಭಾಗದ ಅಂಗಡಿಗೆ ಹೋದರು. ಅಂಗಡಿಯಾಕೆ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು.

"ಪ್ರೊಸೆಸರ್, ಬೋರ್ಡು ಯಾವ್ದು ಅಂತ ನೋಡ್ಕೊಂಡಿದೀರಾ ಸಾರ್?"

"ಅದೆಲ್ಲ ಆಮೇಲೆ. ಮೊದ್ಲು ಕ್ಯಾಬಿನೆಟ್ ತೋರ್ಸಿ."

"ಅದನ್ನ ಕೊನೇಲಿ ತಗೊಳ್ಳೋದು ಸಾರ್, ಒಳಗಿಡೋ ಸಾಮಾನಿನ ಸೈಜ್ ನೋಡ್ಕೊಂಡು."

"ಅಮ್ಮಾ, ನಾನು ಈ ಫೀಲ್ಡಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡಿರೋನು. ಬೀರು ಮೊದ್ಲು, ಬಟ್ಟೆ ಆಮೇಲೆ."

"ಬಟ್ಟೆ ಇದ್ಮೇಲೆ ತಾನೇ ಸಾರ್ ಬೀರು ತಗೊಳ್ಳೋದು?" ಎಂದು ಆಕೆ ಕೇಳಿದ್ದು ಭಾವನಿಗೆ ಕೇಳಿಸಲಿಲ್ಲ. ಆಗಲೇ ಅವರು ಸಾಲಾಗಿ ಇಟ್ಟಿದ್ದ ಕ್ಯಾಬಿನೆಟ್ಟುಗಳ ಬೆನ್ನನ್ನು ಬೆರಳಗಂಟಿನಿಂದ ಬಡಿಯುತ್ತ ಹೊರಟಿದ್ದರು. ಒಂದಕ್ಕೆ ಬಡಿದು ಮುಖ ಕಿವುಚಿದರು. "ಟಿಣ್ ಅನ್ನುತ್ತೆ. ಠಣ್ ಅನ್ಬೇಕು." ಇನ್ನೊಂದರ ಬಣ್ಣವನ್ನು ಉಗುರಿನಿಂದ ಕೆರೆದರು. ಮತ್ತೊಂದರ ತಲೆಯನ್ನು ಅಂಗೈಯಿಂದ ಒತ್ತಿ, ತಗಡು ಒಳಗೆ ಹೋಗಿ ಹೊರಗೆ ಬಂದದ್ದನ್ನು ನನಗೆ ತೋರಿಸಿ, "ನೋಡಿದ್ಯಾ, ಹೊಟ್ಟೆಗಿಲ್ಲದ ಮಾಲು" ಎಂದರು. ಹಿಂದೆ ಇಣುಕಿ, "ಬೀಗ ಎಲ್ಲಿ?" ಎಂದು ಕೇಳಿದರು.

"ಬೀಗ ಇರಲ್ಲ ಸಾರ್. ಎರಡು ಸ್ಕ್ರೂ ಬಿಚ್ಚಿದ್ರೆ ಬಾಗಿಲು ಬರುತ್ತೆ."

"ಯಾರು ಬೇಕಾದ್ರೂ ಬಿಚ್ಚಬಹುದಾ?"

"ಬಿಚ್ಚಬೇಕು ಅಂತಾನೇ ಇರೋದು ಸಾರ್."

"ಹಂಗಾದ್ರೆ ಭದ್ರತೆ ಏನು ಬಂತು?" ಎಂದ ಭಾವ, ಕಪ್ಪಗಿದ್ದ ಒಂದು ಕ್ಯಾಬಿನೆಟ್ಟನ್ನು ನೆಲದ ಮೇಲೆ ಮಲಗಿಸಿ ನನ್ನ ಕಡೆ ತಿರುಗಿದರು. "ಹತ್ತಿ ನಿಲ್ಲು."

"ಭಾವ!"

"ನಮ್ಮ ಅಂಗಡೀಲಿ ಬೀರು ಮಲಗಿಸಿ ನಾನೇ ಹತ್ತಿ ಕುಣಿದು ತೋರಿಸ್ತೀನಿ. ನೀನು ನಿಲ್ಲೋಕೇನು?"

ನಾನು ಕಾಲೆತ್ತುವಷ್ಟರಲ್ಲಿ ಅಂಗಡಿಯಾಕೆ ಕೌಂಟರ್ ದಾಟಿ ಬಂದು ನನ್ನ ಅಂಗಿ ಹಿಡಿದು ಎಳೆದರು. ಕೊನೆಗೆ ಭಾವನಿಗೆ ಒಪ್ಪಿಗೆಯಾದದ್ದು ಅಂಗಡಿಯಲ್ಲೇ ಅಗ್ಗದ್ದು. ಎರಡೂ ಪಕ್ಕ ಪೂರ್ತಿ ತಗಡು, ಒಂದು ತೂತಿಲ್ಲ. ಮುಂದುಗಡೆ ಕಪ್ಪು ಗಾಜು, ಗಾಜಿನ ಹಿಂದೆ ಬಣ್ಣದ ದೀಪದ ಮೂರು ಫ್ಯಾನು.

"ಸಾರ್, ಹೇಳಲಿಲ್ಲ ಅನ್ಬೇಡಿ," ಎಂದರು ಆಕೆ. "ಇದ್ರಲ್ಲಿ ಗಾಳಿ ಒಳಗೇ ಬರಲ್ಲ. ಫ್ಯಾನು ಗಾಜಿಗೆ ಮುಖ ಕೊಟ್ಕೊಂಡು ಸುಮ್ನೆ ತಿರುಗುತ್ತೆ. ಒಳಗಿನ ಸಾಮಾನು ಬೆಂದುಹೋಗುತ್ತೆ. ಅದಕ್ಕೇ ಇದು ಇಷ್ಟು ಅಗ್ಗ."

"ಧೂಳು ಬರುತ್ತಾ?"

"ಧೂಳೂ ಬರಲ್ಲ."

"ಪ್ಯಾಕ್ ಮಾಡಿ."

ಒಳಗಿಡುವ ಸಾಮಾನಿನ ಬೆಲೆ ಕೇಳಿದ ಮೇಲೆ ಭಾವ ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತರು, ನೀರು ಕುಡಿದರು, ಅದನ್ನು ಮುಂದಿನ ತಿಂಗಳಿಗೆ ಹಾಕಿದರು. ದೀಪವಾದರೂ ಉರಿಯಲಿ ಎಂದು ಅಂಗಡಿಯಾಕೆ ಕನಿಕರಪಟ್ಟು ಒಂದು ಸಣ್ಣ ಅಡಾಪ್ಟರ್ ಜೋಡಿಸಿಕೊಟ್ಟರು.

ಹೀಗೆ ದೊಡ್ಡ ಭಾವನ ಮನೆಯ ಹಾಲಿನಲ್ಲಿ ಒಂದು ಖಾಲಿ ಡಬ್ಬ ಪ್ರತಿಷ್ಠಾಪನೆಯಾಯಿತು. ಪಕ್ಕದಲ್ಲಿ ಹಳೆಯ ಟಿವಿ. ಟಿವಿಯ ಬೆನ್ನಿಗೆ ಚುಚ್ಚಿದ ಪೆನ್‌ಡ್ರೈವಿನಿಂದ ಬೆಟ್ಟಗುಡ್ಡದ ಚಿತ್ರಗಳು ಒಂದಾದ ಮೇಲೊಂದು ಬರುತ್ತಿದ್ದವು. ಡಬ್ಬದಲ್ಲಿ ದೀಪ, ಟಿವಿಯಲ್ಲಿ ಚಿತ್ರ. ಇದು ಕಂಪ್ಯೂಟರ್ ಅಲ್ಲವೆನ್ನಲು ನೋಡಿದವರಿಗೆ ಕಾರಣವೇ ಇರಲಿಲ್ಲ. ಎದುರುಮನೆಯ ಟೈಲರಮ್ಮ ಬಂದು ಕೈಮುಗಿದು ಹೋದರು. ಮೇಲ್ಮನೆಯ ಪೋಸ್ಟ್‌ಮಾಸ್ಟರು, "ಸದ್ದೇ ಇಲ್ಲವಲ್ರೀ! ನಮ್ಮ ಆಫೀಸಿಂದು ಮಿಕ್ಸಿ ಥರ ಕಿರುಚುತ್ತೆ" ಎಂದು ಬೆರಗಾದರು. ಭಾವ ಸುಳ್ಳು ಹೇಳಲಿಲ್ಲ. ಮುಗುಳ್ನಕ್ಕರು ಅಷ್ಟೆ.

ದೊಡ್ಡಕ್ಕನಿಗೆ ಮಾತ್ರ ನಿಜ ಗೊತ್ತಿತ್ತು. "ಮೇಲೆ ಥಳಕು, ಒಳಗೆ ಹುಳುಕು ಅಂತಾರೆ. ನಿಮ್ದ್ರಲ್ಲಿ ಹುಳುಕಿಗೂ ಗತಿ ಇಲ್ವಲ್ರೀ" ಎಂದಳು.

ಒಂದು ಸಂಜೆ ನಾನು ಅಲ್ಲೇ ಇದ್ದಾಗ ಅಮ್ಮನ ಫೋನ್ ಬಂತು. ಅಪ್ಪ ಹೊಸ ಕಂಪ್ಯೂಟರ್ ನೋಡಲು ಹೊರಟಿದ್ದಾರೆ, ದಾರಿಯಲ್ಲಿ ಚಿಕ್ಕ ಭಾವನನ್ನೂ ಕರೆದುಕೊಂಡು ಬರುತ್ತಾರೆ.

ಭಾವನ ಮುಖ ಬಿಳಿಚಿತು. "ಎತ್ತಿ ನೋಡ್ತಾರೆ."

"ನೋಡೇ ನೋಡ್ತಾರೆ" ಎಂದೆ.

ಇಬ್ಬರ ಕಣ್ಣೂ ಒಟ್ಟಿಗೆ ಕಿಟಕಿಯಾಚೆ ಹೋಯಿತು. ಪಕ್ಕದ ಮನೆಯವರು ಕಾಂಪೌಂಡ್ ಕಟ್ಟಿಸುತ್ತಿದ್ದರು. ಇಟ್ಟಿಗೆ ಹೊತ್ತು ತಂದವನು ನಾನು, ಹಳೇ ಟವಲಿನಲ್ಲಿ ಸುತ್ತಿ ಡಬ್ಬದೊಳಗಿಟ್ಟವರು ಭಾವ, ಆ ಟವಲು ಕೊಟ್ಟು ಕೊಂಕು ನುಡಿದವಳು ಅಕ್ಕ. "ಇಟ್ಟಿಗೆ ಆಯ್ತು, ನಾಳೆ ಸಿಮೆಂಟ್ ತಂದು ಗಾರೆ ಮಾಡ್ಸಿ. ಬಾಡಿಗೆಗೆ ಕೊಡಬಹುದು" ಎಂದು ಹೇಳಿ ಒಳಗೆ ಹೋದಳು.

ಅಪ್ಪ ಬಂದರು. ನೀರು ಕೂಡ ಕುಡಿಯದೆ ಎತ್ತಿದರು. ಕಣ್ಣು ಮುಚ್ಚಿದರು. ಹುಬ್ಬು ಮೇಲೇರಿತು.

"ಅಬ್ಬಾ! ಹನ್ನೆರಡರ ಹತ್ರ ಇದೆ!"

ಚಿಕ್ಕ ಭಾವ ಧಾವಿಸಿ ಬಂದು ಡಬ್ಬದ ನೆತ್ತಿಯ ಮೇಲೆ ಅಂಗೈ ಇಟ್ಟರು. ತಗಡು ತಣ್ಣಗಿತ್ತು. ಕಿವಿ ಇಟ್ಟರು. ಫ್ಯಾನಿನ ಮೆಲುದನಿ ಬಿಟ್ಟರೆ ಏನೂ ಇಲ್ಲ.

"ಬೆಳಗ್ಗಿಂದ ಆನ್ ಇದೆಯಾ ಅಣ್ಣಾ?"

"ಆಫೇ ಮಾಡಿಲ್ಲ."

"ನಂದು ಅರ್ಧ ಗಂಟೇಲಿ ಕೈ ಸುಡುತ್ತೆ. ಇದು ಒಂಚೂರೂ ಬಿಸಿಯಾಗಲ್ವಾ?"

"ಒಳ್ಳೆ ಮಾಲು ಬಿಸಿಯಾಗಲ್ಲಪ್ಪ" ಎಂದರು ದೊಡ್ಡ ಭಾವ. ಅವರ ಜೀವಮಾನದಲ್ಲೇ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಚಿಕ್ಕ ಭಾವನ ಮುಖದಲ್ಲಿ ಹೊಟ್ಟೆಕಿಚ್ಚು ಏರುವುದು ಕಣ್ಣಾರೆ ಕಾಣುತ್ತಿತ್ತು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಮೂಗು.

ಅಪ್ಪನ ಶಹಬ್ಬಾಸ್ ಮಾತ್ರ ಬರಲಿಲ್ಲ. "ತೂಕ ಇದೆ, ಒಪ್ಪಿದೆ. ಕೆಲಸ ನೋಡಿ ಉಳಿದದ್ದು ಹೇಳ್ತೀನಿ" ಎಂದುಬಿಟ್ಟರು. ಕೊಕ್ಕರೆ ಕಾದ ಹಾಗೆ ಕಾದಿದ್ದ ದೊಡ್ಡ ಭಾವ ಉಗುಳು ನುಂಗಿದರು.

ಮುಂದಿನ ವಾರ ಚಿಕ್ಕ ಭಾವನ ಮನೆಯಿಂದ ಕರೆ ಬಂತು, 'ಹೊಸ ಭಾಗ' ಹಾಕಿಸಿದ್ದೇನೆ, ಮಾವ ಬಂದು ನೋಡಬೇಕು ಎಂದು. ಹೋದೆವು. ಊರಿಗೆಲ್ಲ ತೋರಿಸಿ ಮೆರೆದಿದ್ದ ಆ ಗಾಜಿಗೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿತ್ತು. ಬಿಸಿಲು ತಾಕಬಾರದಂತೆ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಬಿಸಿಲು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದ್ದಕ್ಕೆ ಚಿಕ್ಕಕ್ಕ ನನ್ನ ಕೈಗೆ ಬಿಸ್ಕತ್ತಿನ ತಟ್ಟೆ ಕೊಟ್ಟು ಹೊರಗೆ ಕಳಿಸಿದಳು. ಚಿಕ್ಕ ಭಾವ ವ್ಯಾಯಾಮಕ್ಕೆಂದು ಇಟ್ಟುಕೊಂಡಿದ್ದ ಡಂಬೆಲ್ ಒಂದರ ಕಬ್ಬಿಣದ ಬಿಲ್ಲೆಗಳು ಕಾಣೆಯಾಗಿದ್ದವು, ಹೊರಗಿನ ಮೂಲೆಯಲ್ಲಿ ಬರೀ ಸರಳು ನಿಂತಿತ್ತು.

"ಹದಿನಾಲ್ಕು!" ಎಂದರು ಒಳಗಿನಿಂದ ಅಪ್ಪ.

ಮರುದಿನ ದೊಡ್ಡ ಭಾವ ಅಂಗಡಿಯಿಂದ ಬರುವಾಗ ಚೀಲದ ತುಂಬ ಹಳೇ ಬೀರುಗಳ ಬೀಗ, ಕೀಲು, ಹಿಡಿಕೆ ತಂದರು. ಎಲ್ಲವನ್ನೂ ಡಬ್ಬಕ್ಕೆ ತುಂಬಿ, ಅಲುಗಾಡಬಾರದೆಂದು ಸಂದಿಗೆ ಅಕ್ಕನ ಹಳೇ ಸ್ವೆಟರ್ ತುರುಕಿದರು. ಅಪ್ಪ ಎತ್ತಿದರು, ಇಳಿಸಿದರು, ಸೊಂಟ ಹಿಡಿದುಕೊಂಡರು.

"ಕಂಪ್ಯೂಟರ್ ಅಂದ್ರೆ ಇದು. ಭಾನುವಾರದ ಕೆಲಸ ಇದ್ರಲ್ಲೇ ಆಗ್ಲಿ."

ಭಾನುವಾರದ ಕೆಲಸವೆಂದರೆ ನಮ್ಮ ಬೀದಿಯ ನೀರಿನ ಪೈಪಿನದು. ಅದು ಒಡೆದು ನೀರು ಹರಿಯುತ್ತಲೇ ಇತ್ತು. ಬೀದಿಯ ಸಂಘಕ್ಕೆ ಅಪ್ಪನೇ ಅಧ್ಯಕ್ಷರು. ಒಡೆದ ಪೈಪಿನ ವಿಡಿಯೋ ತೆಗೆದಿದ್ದೆವು. ಅದನ್ನು ನೀರಿನ ಇಲಾಖೆಯ ಇಂಜಿನಿಯರಿಗೆ ತೋರಿಸಬೇಕು. ಇಂಜಿನಿಯರು ಬರಲು ಒಪ್ಪಿದ್ದೇ ದೊಡ್ಡ ಮಾತು. ಅವರ ಮುಂದೆ ದೊಡ್ಡ ಅಳಿಯನ ಕಂಪ್ಯೂಟರಿನಲ್ಲಿ ವಿಡಿಯೋ ಓಡಬೇಕು.

"ನಿಜ ಹೇಳಿಬಿಡಿ ಭಾವ" ಎಂದೆ ನಾನು.

"ಹೇಳ್ದೆ ಅಂದ್ಕೋ. ಆಗ ಮಾವ ಯಾರ ಕಂಪ್ಯೂಟರ್ ತರಿಸ್ತಾರೆ?"

"ಚಿಕ್ಕ ಭಾವಂದು."

"ನೋಡಿದ್ಯಾ" ಎಂದರು. ಆ ಒಂದೇ ಮಾತಿನಲ್ಲಿ ಚರ್ಚೆ ಮುಗಿಯಿತು.

ಭಾನುವಾರ ಬೆಳಗ್ಗೆ ದೊಡ್ಡ ಭಾವನ ಮನೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೈಲರಮ್ಮ, ಪೋಸ್ಟ್‌ಮಾಸ್ಟರು, ಸಂಘದವರೆಲ್ಲ ಬಂದಿದ್ದರು. ಚಿಕ್ಕ ಭಾವ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಇಂಜಿನಿಯರು ಕೂತು ಗಡಿಯಾರ ನೋಡಿದರು. ದೊಡ್ಡ ಭಾವ ವಿಡಿಯೋ ಇದ್ದ ಪೆನ್‌ಡ್ರೈವನ್ನು ಡಬ್ಬದ ಮುಂದಿನ ಸಂದಿಗೆ ಚುಚ್ಚಿದರು. ದೀಪ ನೀಲಿಯಾಯಿತು, ನೇರಳೆಯಾಯಿತು, ಹಸಿರಾಯಿತು. ಟಿವಿಯಲ್ಲಿ ಒಂದು ಬೆಟ್ಟ ಬಂತು. ಆಮೇಲೆ ಇನ್ನೊಂದು ಬೆಟ್ಟ.

"ಪೈಪ್ ಬೆಟ್ಟದ ಮೇಲಿದೆಯಾ?" ಎಂದರು ಇಂಜಿನಿಯರು.

"ಬರುತ್ತೆ ಸಾರ್. ಭಾರಿ ಮಷೀನು, ಎದ್ದೇಳೋಕೆ ಟೈಮ್ ತಗೊಳ್ಳುತ್ತೆ" ಎಂದು ಭಾವ ಹಣೆ ಒರೆಸಿಕೊಂಡರು.

ಮೂರನೆಯ ಬೆಟ್ಟ ಬಂದಾಗ ಚಿಕ್ಕ ಭಾವನ ಕಣ್ಣು ಹೊಳೆಯಿತು. ಜೇಬಿನಿಂದ ಕನ್ನಡಕ ಬಿಗಿಯುವ ಪುಟ್ಟ ಸ್ಕ್ರೂಡ್ರೈವರ್ ತೆಗೆದರು. "ಒಳಗೆ ಏನೋ ಸಡಿಲ ಆಗಿರಬೇಕು. ನಾನು ನೋಡ್ತೀನಿ ಬಿಡಿ ಅಣ್ಣಾ."

"ಬೇಡ!" ಎಂದರು ದೊಡ್ಡ ಭಾವ.

"ಸಂಕೋಚ ಯಾಕೆ? ನಾವೆಲ್ಲ ಮನೆಯವರೇ ತಾನೇ?"

ಎರಡು ಸ್ಕ್ರೂ ಬಿಚ್ಚುವುದು ಎಷ್ಟು ಹೊತ್ತಿನ ಕೆಲಸ. ಬಾಗಿಲು ಬಂತು, ಜೊತೆಗೆ ಬೀಗ, ಕೀಲು, ಹಿಡಿಕೆಗಳು ಗಲಗಲ ಸುರಿದವು. ಹಿಂದೆಯೇ ಸ್ವೆಟರಿನ ಒಂದು ತೋಳು ಹೊರಗೆ ಬಂದು ಜೋತುಬಿತ್ತು. ಕೊನೆಗೆ ಟವಲಿನಿಂದ ಜಾರಿದ ಇಟ್ಟಿಗೆಯೊಂದು ಇಂಜಿನಿಯರ ಬೂಟಿನ ಹತ್ತಿರ ಬಂದು ನಿಂತಿತು. ಟಿವಿಯಲ್ಲಿ ನಾಲ್ಕನೆಯ ಬೆಟ್ಟ ಬಂತು.

"ಅಯ್ಯೋ, ನನ್ನ ಸ್ವೆಟರು!" ಎಂದಳು ಅಕ್ಕ. ಆಕೆಗೆ ಇಟ್ಟಿಗೆಯಷ್ಟೇ ಗೊತ್ತಿತ್ತು.

ಚಿಕ್ಕ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ದಿನದ ಉರಿಯೆಲ್ಲ ನಗುವಾಗಿ ಹೊರಗೆ ಬಂತು. ಅಪ್ಪ ನಗಲಿಲ್ಲ.

"ಹೋಗ್ರಿ, ನಿಮ್ಮದು ತನ್ನಿ" ಎಂದರು.

ನಗು ಅಲ್ಲೇ ನಿಂತಿತು. "ನಂದಾ? ನಂದ್ಯಾಕೆ ಮಾವ? ನಾನೇನು ಹಾಕಿಲ್ಲ!"

"ಹಾಕಿದ್ದೀರಿ ಅಂತ ನಾನು ಹೇಳಿದ್ನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಪ್ಪ ನನ್ನ ಕಡೆ ತಿರುಗಿ "ಲೋ" ಎಂದರು. ಹಿಂದಿನ ಬೀದಿಯಿಂದ ಆ ಹದಿನಾಲ್ಕು ಕೆಜಿಯನ್ನು ಹೊತ್ತು ತಂದವನು ನಾನೇ. ಗುಂಡಿ ಒತ್ತಿದರೆ ದೀಪವೂ ಬರಲಿಲ್ಲ. ಕಪ್ಪು ಕಾಗದ ಕಿತ್ತಾಗ ಕಂಡದ್ದಿಷ್ಟು: ಡಂಬೆಲ್ಲಿನ ಬಿಲ್ಲೆಗಳು ಜಾರಿ ಬಿದ್ದು, ಚಿಕ್ಕ ಭಾವ ಸುರಿದಿದ್ದ ದುಡ್ಡೆಲ್ಲ ಯಾವುದರಲ್ಲಿತ್ತೋ ಆ ಹಸಿರು ಬೋರ್ಡನ್ನು ಎರಡಾಗಿ ಸೀಳಿದ್ದವು. ಚಿಕ್ಕ ಭಾವ ನೆಲದ ಮೇಲೆ ಕೂತು ತಲೆಯ ಮೇಲೆ ಕೈ ಹೊತ್ತರು. ಖಾಲಿ ಡಬ್ಬವನ್ನು ಮೀರಿಸಲು ಹೋಗಿ ತುಂಬಿದ ಡಬ್ಬವನ್ನು ಕೊಂದ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

"ಹಾಗಾದ್ರೆ ಪೈಪಿನ ವಿಡಿಯೋ?" ಎಂದರು ಇಂಜಿನಿಯರು ಏಳುತ್ತ.

"ನನ್ನ ಮೊಬೈಲಲ್ಲಿದೆ ಸಾರ್" ಎಂದೆ. ತೆಗೆದವನೇ ನಾನು. ಇಷ್ಟು ದಿನ ಯಾರೂ ಕೇಳಿರಲಿಲ್ಲ. ಅವರು ನಿಂತಲ್ಲೇ ನೋಡಿ, ನಾಳೆಯೇ ಜನ ಕಳಿಸುತ್ತೇನೆಂದು ಹೇಳಿ, ಇಟ್ಟಿಗೆ ದಾಟಿಕೊಂಡು ಹೋದರು. ನಾನು ಅಪ್ಪನ ಮುಖ ನೋಡಿದೆ. ಒಂದು ಮಾತು ಬರಬಹುದೇನೋ ಎಂಬ ಆಸೆ. ಅಪ್ಪ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಎರಡು ಡಬ್ಬಗಳ ನಡುವೆ ನಿಂತು ಕೀಲುಗಳನ್ನೂ ಬಿಲ್ಲೆಗಳನ್ನೂ ಒಂದೊಂದಾಗಿ ಎತ್ತಿ ನೋಡುತ್ತಿದ್ದರು. ನಿವೃತ್ತಿಯಾದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ.

"ನನ್ನ ಸರ್ವೀಸೆಲ್ಲ ಕಡಿಮೆ ತೂಗೋ ಕಳ್ಳರನ್ನ ಹಿಡಿದಿದೀನಿ" ಎಂದರು ನಿಧಾನವಾಗಿ. "ಜಾಸ್ತಿ ತೂಗೋ ಕಳ್ಳರು ಇದೇ ಮೊದಲು. ಅದೂ ನಮ್ಮ ಮನೇಲೇ!"

ದೊಡ್ಡ ಭಾವ ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಮಾನ ಹೋಗಿತ್ತು, ಅಕ್ಕನ ಸ್ವೆಟರು ಹೋಗಿತ್ತು. ಆದರೂ ಅವರ ಬಾಯಿಂದ ಹೊರಟ ಮಾತು ಇದು.

"ಮಾವ, ಕೊನೇಲಿ ಯಾರದ್ದು ಜಾಸ್ತಿ ಬಂತು?"

"ರೀ!" ಎಂದು ಕಿರುಚಿದಳು ಅಕ್ಕ.

ಅಪ್ಪ ಅದನ್ನು ತಪ್ಪು ಪ್ರಶ್ನೆ ಎಂದು ಭಾವಿಸಲಿಲ್ಲ. ತಮ್ಮ ಹಳೇ ತೂಗುಯಂತ್ರವನ್ನು ನನ್ನಿಂದ ತರಿಸಿ, ಸುರಿದದ್ದನ್ನೆಲ್ಲ ಮತ್ತೆ ತುಂಬಿಸಿ, ಇಡೀ ಬೀದಿಯ ಎದುರಿಗೆ ಎರಡನ್ನೂ ತೂಗಿದರು. ನೆಲದ ಮೇಲೆ ಕೂತಿದ್ದ ಚಿಕ್ಕ ಭಾವ ಕೂಡ ಎದ್ದು ಬಂದು ಮುಳ್ಳು ನೋಡಿದರು. ದೊಡ್ಡ ಭಾವನದು ಎರಡು ಕೆಜಿ ಹೆಚ್ಚು ತೂಗಿತು.

"ಶಹಬ್ಬಾಸ್!" ಎಂದರು ಅಪ್ಪ.

ದೊಡ್ಡ ಭಾವನ ಕಣ್ಣಲ್ಲಿ ನೀರಾಡಿತು. ಚಿಕ್ಕ ಭಾವ ಮೈ ಪರಚಿಕೊಂಡರು. "ಸ್ವೆಟರನ್ನೂ ಸೇರಿಸಿದ್ದು ಅನ್ಯಾಯ" ಎಂದು ವಾದಿಸಿದರು.

ಅಂದಿನಿಂದ ಮನೆಗೆ ಯಾರೇ ಬರಲಿ, ಅಪ್ಪ ಈ ಕಥೆಯನ್ನು ಮೊದಲಿನಿಂದ ಹೇಳುತ್ತಾರೆ. "ನಮ್ಮ ಅಳಿಯಂದಿರು ಸಾಮಾನ್ಯರಲ್ಲ" ಎಂದು ಎದೆಯುಬ್ಬಿಸುತ್ತಾರೆ. ಅಪ್ಪನ ಅಕ್ಕಪಕ್ಕ ಇಬ್ಬರು ಭಾವಂದಿರೂ ಕೂತು, ತಮ್ಮ ತಮ್ಮ ಭಾಗ ಬಂದಾಗ ಸರಿಯಾಗಿ ತಲೆಯಾಡಿಸುತ್ತಾರೆ. ಮೊನ್ನೆ ಅಪ್ಪನ ಹಳೇ ಸಹೋದ್ಯೋಗಿಯೊಬ್ಬರು ಕೇಳಿ ಕೇಳಿ ನಕ್ಕು, ಕಣ್ಣೊರೆಸಿಕೊಂಡು, "ನಿಮಗೊಬ್ಬ ಮಗ ಇದ್ದನಲ್ವಾ?" ಎಂದರು.

"ಇದ್ದಾನೆ" ಎಂದರು ಅಪ್ಪ. "ಪಾಪ, ಅವನು ಏನೂ ಮಾಡಿಲ್ಲ."

ನನಗೆ ತಡೆಯಲಾಗಲಿಲ್ಲ. ಬಾಗಿಲ ಹಿಂದಿನಿಂದ ಹೊರಗೆ ಬಂದು, "ಅಪ್ಪಾ, ಆ ಇಟ್ಟಿಗೆ ಹೊತ್ತು ತಂದಿದ್ದು ನಾನು!" ಎಂದೆ.

ಭಾವಂದಿರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಯಾವುದಕ್ಕಾದರೂ ಒಮ್ಮತದಿಂದ ಮುಖ ಸಿಂಡರಿಸಿದ್ದು ಅದೇ ಮೊದಲು.

"ಸುಮ್ನಿರೋ" ಎಂದರು ಅಪ್ಪ. "ಎಲ್ಲದ್ರಲ್ಲೂ ಪಾಲು ಕೇಳ್ಕೊಂಡು ಬರ್ತಾನೆ."